ಆಷಾಢದಲ್ಲಿ ಕ್ಯಾಮೆರಾಕ್ಕೆ ರಜೆ ಕೊಡಬೇಡಿ

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ತಾಲ್ಲೂಕುಗಳಲ್ಲಿ ಸ್ಟುಡಿಯೋ ಇಟ್ಟುಕೊಂಡು ಮದುವೆ, ನಾಮಕರಣ, ಗೃಹಪ್ರವೇಶದ ಫೋಟೊ ತೆಗೆಯುವ ಗೆಳೆಯರಿಗೆ,



ಇನ್ನೇನು ಆಷಾಢ ಹಿಡಿಯುತ್ತದೆ. ಛತ್ರಗಳಿಗೆ ಬೀಗ ಬೀಳುತ್ತದೆ, ವಾಲಗದವರು ಊರು ಸೇರುತ್ತಾರೆ, ನಿಮ್ಮ ಆರ್ಡರ್ ಡೈರಿಯಲ್ಲಿ ಒಂದು ತಿಂಗಳ ಹಾಳೆ ಬೆಳ್ಳಗೆ ಉಳಿಯುತ್ತದೆ. ಬಾಕಿ ಬಿದ್ದ ಆಲ್ಬಮ್ ಮುಗಿಸುವುದು, ಅಡ್ವಾನ್ಸ್ ಕೊಟ್ಟು ಮಿಕ್ಕ ಹಣ ಮರೆತವರ ಮನೆ ಬಾಗಿಲಿಗೆ ಹೋಗಿ ಬರುವುದು, ಕ್ಯಾಮೆರಾ ಸರ್ವಿಸಿಗೆ ಕೊಡಲು ಮೈಸೂರಿನ ಬಸ್ ಹತ್ತುವುದು. ನಮ್ಮ ಕಸುಬಿನಲ್ಲಿ ಆಷಾಢವೆಂದರೆ ಇಷ್ಟೇ. ನಾನೂ ಅದೇ ಕಸುಬಿನವನು. ಸ್ಟುಡಿಯೋದ ಶಟರ್ ಎಳೆದು ವರ್ಷಗಳಾದವು, ಕೈಗೆ ಅಂಟಿದ ಹೈಪೋ ವಾಸನೆ ಹೋಗಿದೆ, ಚಟ ಹೋಗಿಲ್ಲ. ಆ ಚಟದ ಜೋರಿನಲ್ಲೇ ಈ ಪತ್ರ ಬರೆಯುತ್ತಿದ್ದೇನೆ. ಕೇಳುವುದು ಇಷ್ಟು: ಈ ಆಷಾಢದಲ್ಲಿ ಕ್ಯಾಮೆರಾ ಬ್ಯಾಗಿನ ಜಿಪ್ ಎಳೆಯಬೇಡಿ. ನಮ್ಮ ನಾಲ್ಕು ತಾಲ್ಲೂಕಿನ ನೆಲದ ಚಿತ್ರ ತೆಗೆಯಿರಿ.

ಮುಖ ತೆಗೆದು ಹೊಟ್ಟೆ ಹೊರೆದೆ, ನೆಲ ತೆಗೆದು ಖುಷಿಪಟ್ಟೆ. ಸೋದರಮಾವನ ಆಗ್ಫಾ ಕ್ಲಿಕ್ ಕ್ಯಾಮೆರಾ ಕೈಗೆ ಬಂದಾಗ ಅದರಲ್ಲಿ ತಿರುಗಿಸಲು ಇದ್ದದ್ದು ಬಿಸಿಲು, ಮೋಡ ಎನ್ನುವ ಗುರುತುಗಳಷ್ಟೇ. ಒಂದು ರೋಲಿಗೆ ಹನ್ನೆರಡು ಚಿತ್ರ. ಊಟಿಯ ಕಾರ್ಖಾನೆಯಲ್ಲಿ ತಯಾರಾಗುತ್ತಿದ್ದ ಇಂದು ಫಿಲ್ಮು ಸಿಕ್ಕಿದರೆ ಅದು, ಇಲ್ಲವಾದರೆ ಅಂಗಡಿಯವನು ಕೊಟ್ಟದ್ದು. ಮನೆಯವರನ್ನು ಸಾಲಾಗಿ ನಿಲ್ಲಿಸಿ ಒಂದೆರಡು ಹೊಡೆದು ಅವರ ಬಾಯಿ ಮುಚ್ಚಿಸಿ, ಮಿಕ್ಕದ್ದನ್ನೆಲ್ಲ ಲಕ್ಷ್ಮಣತೀರ್ಥದ ದಡಕ್ಕೆ, ಹನಗೋಡಿನ ಅಣೆಗೆ, ಗೊಮ್ಮಟಗಿರಿಯ ಬಂಡೆಗೆ ಖರ್ಚು ಮಾಡುತ್ತಿದ್ದೆ. "ಜನ ಇಲ್ಲದ ಫೋಟೊ ಯಾಕೋ ತೆಗೀತಿಯಾ? ದುಡ್ಡು ದಂಡ," ಎಂದು ಅಮ್ಮ ಗೊಣಗುತ್ತಿದ್ದರು. ಆಮೇಲೆ ಹೊಟ್ಟೆಪಾಡಿಗೆ ಸ್ಟುಡಿಯೋ ಹಾಕಿದೆ, ಯಾಶಿಕಾ ಬಂತು, ಕಪ್ಪು-ಬಿಳುಪು ಹೋಗಿ ಕಲರ್ ಬಂತು. ಬೆಟ್ಟದ ಫೋಟೊ ತೆಗೆಯುವುದರಲ್ಲಿ ಒಂದು ಸುಖವಿದೆ ನೋಡಿ: ಬೆಟ್ಟ ಬಂದು "ನನ್ನನ್ನ ಸ್ವಲ್ಪ ಬೆಳ್ಳಗೆ ಮಾಡ್ಕೊಡಿ ಸಾರ್" ಅನ್ನುವುದಿಲ್ಲ.

ಆಷಾಢವೇ ಯಾಕೆ ಎಂದು ನೀವು ಕೇಳಬಹುದು. ಕೊಡಗಿನ ಮಳೆಯ ಲೆಕ್ಕವೆಲ್ಲ ನಮ್ಮ ಅಂಗಳದಲ್ಲಿ ಚುಕ್ತಾ ಆಗುವುದು ಆಗಲೇ. ಹಾರಂಗಿ ತುಂಬಿ ಬಿಟ್ಟ ನೀರು ಕಾವೇರಿಗೆ ಸೇರಿ, ಪಿರಿಯಾಪಟ್ಟಣದ ಅಂಚು ಸವರಿಕೊಂಡು ಕೆ.ಆರ್. ನಗರದ ಸೀಮೆಗೆ ಬಂದು ಚುಂಚನಕಟ್ಟೆಯಲ್ಲಿ ಧುಮುಕುತ್ತದೆ. ಇರ್ಪುವಿನ ಕಡೆಯಿಂದ ಲಕ್ಷ್ಮಣತೀರ್ಥ ಕೆಂಪಗೆ ಇಳಿದು ಬಂದು ಹುಣಸೂರು ಪೇಟೆಯ ಕೊಳೆಯನ್ನೂ ಜೊಂಡನ್ನೂ ಒಂದೇ ವಾರದಲ್ಲಿ ತಳ್ಳಿಕೊಂಡು ಹೋಗುತ್ತದೆ. ಚಾಮರಾಜ ನಾಲೆಗೆ ನೀರು ಬಿಟ್ಟರೆ ಗದ್ದೆ ಬಯಲಲ್ಲಿ ಒಟ್ಟಲಿನ ಹಸಿರು, ಉತ್ತ ಕೆಸರಿನ ಕಪ್ಪು, ನಿಂತ ನೀರಿನಲ್ಲಿ ಬಿದ್ದ ಮೋಡದ ಬೂದು, ಮೂರೂ ಒಂದೇ ಚೌಕಟ್ಟಿಗೆ ಬರುತ್ತವೆ. ಬಿಸಿಲಿಲ್ಲ ಎಂದು ಮದುವೆ ಮನೆಯಲ್ಲಿ ಶಪಿಸುವ ಆ ಮೋಡದ ಬೆಳಕೇ ಹಸಿರಿನ ಚಿತ್ರಕ್ಕೆ ವರ. ನೆರಳು ಗಾಢವಾಗಿ ಕಚ್ಚುವುದಿಲ್ಲ, ಎಲೆಯ ಮೇಲೆ ಬಿಳಿ ಚುಕ್ಕೆ ಸಿಡಿಯುವುದಿಲ್ಲ. ಒದ್ದೆ ಎಲೆಯ ಹೊಳಪು ಜಾಸ್ತಿಯಾದರೆ ಪೋಲರೈಸರ್ ತಿರುಗಿಸಿ, ಒಳಗಿನ ಬಣ್ಣ ಎದ್ದು ಬರುತ್ತದೆ. ಇದನ್ನೆಲ್ಲ ನಿಮಗೆ ಹೇಳಿಕೊಡಬೇಕಾಗಿಲ್ಲ. ಛತ್ರದ ಟ್ಯೂಬ್‌ಲೈಟಿನ ಬೆಳಕಲ್ಲಿ, ಹೋಮದ ಹೊಗೆಯ ನಡುವೆ ಮಾಂಗಲ್ಯಧಾರಣೆಯ ಒಂದು ಕ್ಷಣವನ್ನು ಬಿಡದೆ ಹಿಡಿಯುವ ಕೈ ನಿಮ್ಮದು.

ಚುಂಚನಕಟ್ಟೆ ನಿಮಗೆ ಗೊತ್ತೇ ಇದೆ. ಪ್ರಿ-ವೆಡ್ಡಿಂಗ್ ಜೋಡಿಗಳನ್ನು ಕರೆದುಕೊಂಡು ಹೋಗಿ ಅದೇ ಮೂಲೆಯಲ್ಲಿ ನಿಲ್ಲಿಸಿ ತೆಗೆದು ತೆಗೆದು, ಮಧ್ಯೆ ಜೋಡಿ ಇಲ್ಲದಿದ್ದರೆ ಆ ಜಾಗವೇ ಗುರುತು ಸಿಗದ ಹಾಗಾಗಿದೆ. ಜೋಡಿ ಇಲ್ಲದೆ ಒಂದು ಬೆಳಿಗ್ಗೆ ಹೋಗಿ. ಕೋದಂಡರಾಮನ ಗುಡಿಯ ಕಡೆಯಿಂದಲೇ ನೋಡಿ. ಬಂಡೆಗಿಳಿಯುವ ಶೌರ್ಯ ಬೇಡ, ಮೇಲಿನ ನೀರು ಯಾವ ಗಳಿಗೆಯಲ್ಲಿ ಏರುತ್ತದೆಂದು ಹೊಳೆ ಹೇಳಿ ಕಳಿಸುವುದಿಲ್ಲ. ತುಂತುರು ಲೆನ್ಸಿನ ಮೇಲೆ ಕೂರುತ್ತಲೇ ಇರುತ್ತದೆ, ಹಳೇ ಹತ್ತಿ ಪಂಚೆಯ ತುಂಡೊಂದು ಜೇಬಿನಲ್ಲಿರಲಿ. ನನ್ನದೊಂದು ಜಗಳವಿದೆ, ಇಲ್ಲೇ ಹೇಳಿಬಿಡುತ್ತೇನೆ. ಟ್ರೈಪಾಡ್ ಇಟ್ಟು, ಶಟರನ್ನು ಒಂದೆರಡು ಸೆಕೆಂಡ್ ತೆರೆದಿಟ್ಟು, ಜಲಪಾತವನ್ನು ರೇಷ್ಮೆ ಸೀರೆಯ ಸೆರಗು ಮಾಡುವ ಚಾಳಿ ಈಗ ಎಲ್ಲರಿಗೂ ಬಂದಿದೆ. ಫೆಬ್ರವರಿಯ ತೆಳು ನೀರಿಗೆ ಅದು ಒಪ್ಪೀತು. ಆಷಾಢದ ಕಾವೇರಿ ಕೆಂಪಗಿರುತ್ತದೆ, ಒರಟಾಗಿರುತ್ತದೆ, ಮರದ ದಿಮ್ಮಿ ಹೊತ್ತು ತರುತ್ತದೆ, ನೊರೆ ಉಂಡೆ ಉಂಡೆಯಾಗಿ ಏಳುತ್ತದೆ. ಅದನ್ನು ನಯ ಮಾಡಿದರೆ ಹೊಳೆಯ ಮುಖಕ್ಕೂ ಪೌಡರ್ ಬಳಿದ ಹಾಗೆ. ಮೂವತ್ತನೇ ಒಂದು ಸೆಕೆಂಡಿನ ಆಸುಪಾಸಿನಲ್ಲಿ ತೆಗೆದು ನೋಡಿ: ಓಟವೂ ಕಾಣುತ್ತದೆ, ನೀರಿನ ತೂಕವೂ ಕಾಣುತ್ತದೆ.

ಇನ್ನು ಬ್ಯಾರನ್. ನಮ್ಮ ನಾಲ್ಕು ತಾಲ್ಲೂಕನ್ನು ಒಂದೇ ದಾರದಲ್ಲಿ ಪೋಣಿಸಿರುವುದು ಹೊಗೆಸೊಪ್ಪು. ಮೇ ತಿಂಗಳಲ್ಲಿ ನಾಟಿ, ಜುಲೈ ಹೊತ್ತಿಗೆ ಬುಡದ ಎಲೆ ಮುರಿಯಲು ಶುರು. ಅಲ್ಲಿಂದ ಮುಂದೆ ರಾತ್ರಿ ಹಗಲೆನ್ನದೆ ಎಲೆ ಹದ ಮಾಡುವ ಬ್ಯಾರನ್‌ಗಳಿಗೆ ಉರಿ. ಇಷ್ಟು ದೊಡ್ಡ ಸೀಮೆಯ ಬದುಕು, ಭೂಮಿ, ಮರ, ಸಾಲ ಎಲ್ಲವೂ ಸುತ್ತುತ್ತಿರುವ ಈ ಕಟ್ಟಡದ ಒಂದು ಒಳ್ಳೆಯ ಫೋಟೊ ನಿಮ್ಮಲ್ಲಿ ಎಷ್ಟು ಜನರ ಹತ್ತಿರ ಇದೆ? ಹೊಲದ ಮಧ್ಯೆ ಕಿಟಕಿಯಿಲ್ಲದ ಎತ್ತರದ ಗೋಡೆ, ಮೇಲೆ ಗಾಳಿ ಬಿಡುವ ಕಂಡಿ, ಪಕ್ಕದಲ್ಲಿ ಸೌದೆಯ ಒಟ್ಟು. ನಮ್ಮ ಸೀಮೆಯನ್ನು ಬಸ್ಸಿನ ಕಿಟಕಿಯಿಂದ ನೋಡಿದ ಯಾರಿಗಾದರೂ ಇದೇ ನೆನಪಿರುವುದು, ನಮಗೇ ಕಾಣುವುದಿಲ್ಲ.

ಪಿರಿಯಾಪಟ್ಟಣದ ಕಡೆಯ ಒಂದು ಹಳ್ಳಿಯಲ್ಲಿ ಹಾಗೆ ಒಂದು ರಾತ್ರಿ ಟ್ರೈಪಾಡ್ ಊರಿದ್ದೆ. ಒಲೆಯ ಬಾಯಿಂದ ಬಂದ ಕೆಂಪು ಬೆಳಕು ಎದುರಿನ ಸೌದೆಯ ತುದಿಗಳ ಮೇಲೆ ಮಾತ್ರ ಬೀಳುತ್ತಿತ್ತು. ಮಿಕ್ಕದ್ದೆಲ್ಲ ಮಳೆಗಾಲದ ಕತ್ತಲು. ಬ್ಯಾರನ್ ಯಜಮಾನ ಗೋಣಿ ಹೊದ್ದು, ಗೋಡೆಯ ಸಣ್ಣ ಗಾಜಿಗೆ ಟಾರ್ಚ್ ಒತ್ತಿ ಒಳಗಿನ ಥರ್ಮಾಮೀಟರ್ ಓದುತ್ತಿದ್ದರು. ಕಡ್ಡಿಗೆ ಕಟ್ಟಿ ಅಟ್ಟಣಿಗೆಗೆ ಏರಿಸಿದ ಎಲೆ ಮೊದಲು ಹಳದಿಗೆ ತಿರುಗಬೇಕು, ಆಮೇಲೆ ಎಲೆ ಒಣಗಬೇಕು, ಕೊನೆಗೆ ನಡುವಿನ ದಂಟು ಒಣಗಬೇಕು. ಒಂದೊಂದಕ್ಕೂ ಬೇರೆ ಶಾಖ, ಅವಸರ ಮಾಡಿದರೆ ಬಣ್ಣ ಕೆಟ್ಟು ಹರಾಜಿನಲ್ಲಿ ರೇಟು ಬೀಳುತ್ತದೆ. "ಇವತ್ತು ನಾಲ್ಕನೇ ದಿನ, ನಿದ್ದೆ ಇಲ್ಲ," ಅಂದರು. ನಾನು ಫೋಕಸ್ ಸರಿ ಮಾಡುತ್ತಿದ್ದೆ. "ಫೋಟೊ ಆಮೇಲೆ ಹೊಡಿಯಣ್ಣ, ಮೊದ್ಲು ಆ ಸೌದೆ ಈ ಕಡೆ ಎಳ್ದುಕೊಡು." ಎಳೆದುಕೊಟ್ಟೆ. ಉರಿ ಎದ್ದಿತು, ಅವರ ಮುಖಕ್ಕೆ ಬೇಕಾದಷ್ಟು ಬೆಳಕೂ ಬಂತು. ಬೆಳಗಿನ ಜಾವ ಹೊರಗೆ ಬಂದು ನೋಡಿದರೆ ಗಾಳಿ ಅಲುಗುತ್ತಿಲ್ಲ. ನೆಲದ ಹತ್ತಿರದ ಗಾಳಿ ತಣ್ಣಗಿದ್ದು ಮೇಲಿನದು ಬೆಚ್ಚಗಿದ್ದರೆ ಹೊಗೆ ಮೇಲೇರದೆ ಅಡ್ಡಡ್ಡ ಹರಡುತ್ತದಲ್ಲ, ಹಾಗೆ ಊರೂರಿನ ಬ್ಯಾರನ್ ಹೊಗೆ ಸೇರಿ ಹೊಲಗಳ ಮೇಲೆ ಒಂದು ನೀಲಿ ಪಟ್ಟಿಯಾಗಿ ನಿಂತಿತ್ತು. ಆ ಪಟ್ಟಿಯ ಮೇಲೆ ಬೆಟ್ಟದಪುರದ ಬೆಟ್ಟ, ತುದಿಗೆ ಮೋಡ, ಸಿಡಿಲು ಮಲ್ಲಿಕಾರ್ಜುನನ ಗುಡಿ ಕಾಣುತ್ತಿಲ್ಲ.

ನೋಡಲು ಚೆಂದ. ಆ ನೀಲಿಯಲ್ಲಿ ಎಷ್ಟು ಮರ ಉರಿದು ಹೋಗಿದೆ ಎನ್ನುವುದೂ ಅದೇ ಚಿತ್ರದಲ್ಲಿದೆ. ಎರಡನ್ನೂ ಒಟ್ಟಿಗೆ ಹೇಳುವ ಶಕ್ತಿ ಫೋಟೊಗೆ ಇರುವುದರಿಂದಲೇ ನನಗೆ ಅದರ ಹುಚ್ಚು. ಹೊಗೆಸೊಪ್ಪು ಬೇಕೋ ಬೇಡವೋ ಎಂಬ ವಾದ ನಾನು ಇಲ್ಲಿ ಎತ್ತುವುದಿಲ್ಲ. ಇನ್ನೊಂದು ತಲೆಮಾರಿಗೆ ಈ ಬ್ಯಾರನ್‌ಗಳು ಇರಲಿಕ್ಕಿಲ್ಲ ಎಂದಷ್ಟೇ ನನ್ನ ಊಹೆ. ಇದ್ದಾಗಲೇ ತೆಗೆದಿಡಿ. ಇದಕ್ಕೆ ವೈಡ್ ಲೆನ್ಸೇ ಬೇಕು ಎಂದುಕೊಳ್ಳಬೇಡಿ. ಮುಹೂರ್ತ ತೆಗೆಯಲು ಇಟ್ಟುಕೊಂಡಿರುವ 70-200 ಲೆನ್ಸಿನಲ್ಲಿ ದೂರದಿಂದ ತೆಗೆದರೆ ಬೆಟ್ಟವೂ ಬ್ಯಾರನ್ನೂ ಹತ್ತಿರ ಹತ್ತಿರ ಬಂದು ನಿಲ್ಲುತ್ತವೆ.

ಎಚ್.ಡಿ. ಕೋಟೆಯವರು "ನಮ್ಮ ಕಬಿನಿ ಬಿಟ್ಟು ಬಿಟ್ಟಿರಲ್ಲ" ಅನ್ನುವ ಮೊದಲೇ ಅಲ್ಲಿಗೆ ಬರುತ್ತೇನೆ. ಕರ್ನಾಟಕದಲ್ಲಿ ನಿಸರ್ಗದ ಫೋಟೊ ಅಂದರೆ ಪ್ರಾಣಿ, ಪಕ್ಷಿ ಎಂದೇ ಆಗಿಹೋಗಿದೆ. ಇ. ಹನುಮಂತರಾವ್, ಟಿ.ಎನ್.ಎ. ಪೆರುಮಾಳ್, ಸಂಡೂರಿನ ಎಂ.ವೈ. ಘೋರ್ಪಡೆ, ಮೂಡಿಗೆರೆಯಲ್ಲಿ ಕೂತು ಹಕ್ಕಿಗಳ ಹಿಂದೆ ಬಿದ್ದ ತೇಜಸ್ವಿ, ನಮ್ಮ ಮೈಸೂರಿನ ಕೃಪಾಕರ-ಸೇನಾನಿ, ಇವರೆಲ್ಲ ಹಾಕಿದ ದಾರಿ ದೊಡ್ಡದು, ಕೈ ಮುಗಿಯುತ್ತೇನೆ. ಅವರ ಹಿಂದೆ ಬಂದ ಗುಂಪು ಮಾತ್ರ ಹುಲಿ ಸಿಕ್ಕಿತೇ ಎನ್ನುವ ಒಂದೇ ಪ್ರಶ್ನೆ ಹಿಡಿದು ಕಾಡಿಗೆ ನುಗ್ಗಿತು. ಮಿಥುನ್ ಎಚ್. ತೆಗೆದ, ಚಿರತೆಯ ಹಿಂದೆ ನೆರಳಿನ ಹಾಗೆ ನಿಂತ ಕರಿಚಿರತೆಯ ಚಿತ್ರ 2020ರಲ್ಲಿ ಜಗತ್ತನ್ನೇ ಸುತ್ತಿತು. ಅದಕ್ಕೆ ಬೇಕಾದ ತಾಳ್ಮೆ ಎಂಥದೆಂದು ಕ್ಯಾಮೆರಾ ಹಿಡಿದವರಿಗೆ ಗೊತ್ತು. 2022ರ ಜೂನಿನಲ್ಲಿ ಸತ್ತ ಆನೆ ಭೋಗೇಶ್ವರನ ನೆಲ ಮುಟ್ಟುವ ದಂತಗಳ ಫೋಟೊ ಯಾರ ಮೊಬೈಲಿನಲ್ಲಿಲ್ಲ? ಆದರೆ ಕಬಿನಿ ಹಿನ್ನೀರಿನ ಇನ್ನೊಂದು ದಡದಲ್ಲಿರುವ ಹತ್ತಿ ಹೊಲ, ಶುಂಠಿ ಹೊಲ, ರಾತ್ರಿ ಕಾವಲಿಗೆ ಮರದ ಮೇಲೆ ಕಟ್ಟಿದ ಅಟ್ಟಣೆ, ಆನೆ ಕಂದಕ, ವೀರನಹೊಸಹಳ್ಳಿ ಕಡೆ ಹಳೇ ರೈಲು ಕಂಬಿ ನೆಟ್ಟು ಮಾಡಿದ ಬೇಲಿ, ಇವುಗಳ ಫೋಟೊ ಹುಡುಕಿ ನೋಡಿ. ಪೇಪರಿನವರು ಅವಸರದಲ್ಲಿ ತೆಗೆದ ನಾಲ್ಕು ಸಿಕ್ಕಾವು.

2025ರ ಅಕ್ಟೋಬರ್, ನವೆಂಬರಿನಲ್ಲಿ ಸರಗೂರಿನ ಕಡೆ ಹುಲಿಯ ದಾಳಿಗೆ ರೈತರು ಸತ್ತರು. ನವೆಂಬರಿನಲ್ಲಿ ಸರ್ಕಾರ ನಾಗರಹೊಳೆ, ಬಂಡೀಪುರದ ಸಫಾರಿಯನ್ನೇ ನಿಲ್ಲಿಸಿತು. ಕಾಡಿನ ಫೋಟೊಗಳಲ್ಲಿ ಎಂದೂ ಕಾಣದ ಆ ಅಂಚೇ ಆಗ ಸುದ್ದಿಯ ನಡುವಿಗೆ ಬಂದು ನಿಂತಿತು. ಸಫಾರಿ ಜೀಪಿನ ಸೀಟಿಗೆ ಕೊಡುವಷ್ಟು ದುಡ್ಡು ನಮ್ಮಲ್ಲಿ ಬಹಳ ಜನಕ್ಕೆ ಇಲ್ಲ, ಅಂಚಿನಲ್ಲಿ ಓಡಾಡಲು ಸೀಟು ಬೇಕಿಲ್ಲ. ಎರಡು ಮಾತು ನೆನಪಿಡಿ. ಹುಲಿ ಮೀಸಲಿನ ಮೇಲೆ ಡ್ರೋನ್ ಹಾರಿಸುವಂತಿಲ್ಲ, ಮದುವೆಗೆ ತಂದದ್ದು ಮದುವೆಗೇ ಇರಲಿ. ಹಾಡಿಗಳಿಗೆ ಹೋದರೆ ಮೊದಲು ಕೂತು ಮಾತಾಡಿ, ಯಜಮಾನರನ್ನು ಕೇಳಿ ತೆಗೆಯಿರಿ; ಮಕ್ಕಳಿಗೆ ಬಿಸ್ಕತ್ತು ಹಂಚಿ ನಗಿಸಿ ತೆಗೆದ ಚಿತ್ರಗಳು ಈಗಾಗಲೇ ಬೇಕಾದಷ್ಟಿವೆ.

ಈಗ ಕಬಿನಿಯ ಹಿನ್ನೀರು ನಿಂತಿರುವ ಜಾಗ ಮೊದಲು ಹೇಗಿತ್ತು? ಅಣೆಕಟ್ಟು ಮುಗಿದದ್ದು 1974ರಲ್ಲಿ. ಕಾಕನಕೋಟೆಯಲ್ಲಿ ಆನೆ ಹಿಡಿಯುವ ಕೊನೆಯ ಖೆಡ್ಡಾ ನಡೆದದ್ದು 1971ರಲ್ಲಿ. ಕಾಡು, ಹಳ್ಳಿ, ಹಳೇ ಮಾಸ್ತಿಗುಡಿ ನೀರಿನಡಿಗೆ ಹೋದವು. ಬೇಸಿಗೆಯಲ್ಲಿ ನೀರಿಳಿದಾಗ ಒಣಮರದ ಬೊಡ್ಡೆಗಳು ಎದ್ದು ನಿಲ್ಲುತ್ತವೆ, ಹುಲ್ಲಿಗೆ ಆನೆಗಳ ಹಿಂಡು ಹಿಂಡೇ ಇಳಿಯುತ್ತದೆ, ಎಲ್ಲರೂ ಆನೆಗಳನ್ನು ತೆಗೆದುಕೊಂಡು ಹೋಗುತ್ತಾರೆ. ಆ ಸೀಮೆ ಮೊದಲು ಹೇಗಿತ್ತೆಂದು ಕಣ್ಣಾರೆ ನೋಡಬೇಕಾದರೆ ನಾವು ಇಂಗ್ಲೆಂಡಿನವರು ಮಾಡಿದ ಸಿನಿಮಾ ಹಾಕಿಕೊಳ್ಳಬೇಕು! 1937ರ 'ಎಲಿಫೆಂಟ್ ಬಾಯ್'. ಕಾರಾಪುರದ ಮಾವುತನ ಮಗ ಸಾಬು ಅದರ ನಾಯಕ, ಆಮೇಲೆ ಹಾಲಿವುಡ್ಡಿನಲ್ಲಿ ಹೆಸರು ಮಾಡಿದವನು. ರಾಬರ್ಟ್ ಫ್ಲಾಹರ್ಟಿ ಮೈಸೂರು ಸೀಮೆಗೆ ಬಂದು ಆನೆ, ಹೊಳೆ, ಖೆಡ್ಡಾಗಳನ್ನು ಚಿತ್ರಿಸಿಕೊಂಡು ಹೋದ. ಕಥೆ ಕಿಪ್ಲಿಂಗನದು, ನೋಟ ಬಿಳಿಯರದು, ನೆಲ ಮಾತ್ರ ನಮ್ಮದು. 1974ಕ್ಕೆ ಮೊದಲು ಕೋಟೆಯಲ್ಲೋ ಸರಗೂರಿನಲ್ಲೋ ಸ್ಟುಡಿಯೋ ಇಟ್ಟಿದ್ದ ಯಾರಾದರೂ ಒಂದು ಆಷಾಢ ಆ ಊರುಗಳ ಬೀದಿ, ಬಾವಿಕಟ್ಟೆ, ಗುಡಿ ತೆಗೆದಿಟ್ಟಿದ್ದರೆ ಇವತ್ತು ಅದರ ಬೆಲೆ ಎಷ್ಟಾಗುತ್ತಿತ್ತು, ಯೋಚಿಸಿ. ಅಂಥ ನೆಗೆಟಿವ್ ನಿಮ್ಮ ತಂದೆಯವರ ಟ್ರಂಕಿನಲ್ಲಿ ಇದ್ದರೂ ಇರಬಹುದು, ದಯವಿಟ್ಟು ಹುಡುಕಿ. ಹಳೇ ಸಾಮಾನಿನವನಿಗೆ ಹಾಕುವ ಮೊದಲು ಬೆಳಕಿಗೆ ಹಿಡಿದು ನೋಡಿ.

ಕಲೆಯ ಮಾತು ಒತ್ತಟ್ಟಿಗಿರಲಿ, ತಾರೀಖಿನ ಮಾತಿಗೆ ಬರೋಣ. ಹುಲಿ ವಿಜ್ಞಾನಿ ಉಲ್ಲಾಸ ಕಾರಂತರು 90ರ ದಶಕದಲ್ಲಿ ನಾಗರಹೊಳೆಯ ಕಾಡುದಾರಿಗಳಲ್ಲಿ ಕ್ಯಾಮೆರಾ ಟ್ರ್ಯಾಪ್ ಇಟ್ಟರು. ಹುಲಿಯ ಎಡಬದಿಯ ಪಟ್ಟೆ ಬಲಬದಿಯಂತಿರುವುದಿಲ್ಲವಾದ್ದರಿಂದ ದಾರಿಯ ಎರಡು ಕಡೆಗೂ ಒಂದೊಂದು ಕ್ಯಾಮೆರಾ. ಅದರ ಹಿಂದೆ ಕಣ್ಣಿಟ್ಟವರು ಯಾರೂ ಇಲ್ಲ, ಫ್ರೇಮು ಸೊಟ್ಟ, ಫ್ಲ್ಯಾಶು ಮುಖಕ್ಕೆ. ಆದರೆ ಜಾಗ, ತಾರೀಖು, ಹೊತ್ತು ನಿಖರ. ಪಟ್ಟೆಯ ಜೊತೆಗೆ ಆ ಮೂರರ ಬಲದಿಂದ ಹುಲಿಯನ್ನು ಹೆಜ್ಜೆಗುರುತಿನ ಅಂದಾಜಿಲ್ಲದೆ ಎಣಿಸುವ ದಾರಿ ಸಿಕ್ಕಿತು, ಆಮೇಲೆ ದೇಶವೆಲ್ಲ ಅದನ್ನೇ ಹಿಡಿಯಿತು. ಇನ್ನೊಂದು ಕಡೆ, ನೆಲದ ಚಿತ್ರಗಳ ದೊಡ್ಡ ಯಜಮಾನ ಅಮೆರಿಕದ ಆ್ಯನ್ಸೆಲ್ ಆ್ಯಡಮ್ಸ್. ನ್ಯೂ ಮೆಕ್ಸಿಕೋದ ಹರ್ನ್ಯಾಂಡೆಜ್ ಎಂಬ ಹಳ್ಳಿಯ ಸಮಾಧಿಗಳ ಮೇಲೆ ಚಂದ್ರ ಎದ್ದ ಚಿತ್ರ ಅವನದು. ಲೈಟ್ ಮೀಟರ್ ಕೈಗೆ ಸಿಗದೆ ಚಂದ್ರನ ಬೆಳಕಿನ ಪ್ರಮಾಣ ನೆನಪಿನಿಂದಲೇ ಲೆಕ್ಕ ಹಾಕಿ ಎಕ್ಸ್‌ಪೋಸ್ ಮಾಡಿದ ಪುಣ್ಯಾತ್ಮ, ತಾರೀಖು ಬರೆದಿಡಲಿಲ್ಲ. ಆಮೇಲೆ ಅದಕ್ಕೆ ಒಂದೊಂದು ಸಲ ಒಂದೊಂದು ವರ್ಷ ಹೇಳುತ್ತ ಹೋದ. ಕೊನೆಗೆ ಖಗೋಳ ಬಲ್ಲವರು ಚಿತ್ರದಲ್ಲಿ ಚಂದ್ರ ನಿಂತ ಜಾಗ ಅಳೆದು, 1941ರ ನವೆಂಬರ್ 1ರ ಸಂಜೆ 4 ಗಂಟೆ 49 ನಿಮಿಷ ಎಂದು ಹೇಳಬೇಕಾಯಿತು. ನಮ್ಮ ಆಷಾಢದ ಚಿತ್ರದಲ್ಲಿ ಚಂದ್ರನೂ ಇರುವುದಿಲ್ಲ. ಆದ್ದರಿಂದ ಈಗಲೇ ಕ್ಯಾಮೆರಾದ ಮೆನು ತೆರೆದು ತಾರೀಖು ಸರಿಯಿದೆಯೇ ನೋಡಿ. ಬ್ಯಾಟರಿ ಇಳಿದಾಗ ಹಿಂದಕ್ಕೆ ಓಡಿ, ಹಾಗೇ ಉಳಿದ ಗಡಿಯಾರಗಳು ನಿಮ್ಮ ಬ್ಯಾಗುಗಳಲ್ಲಿ ಎಷ್ಟಿವೆಯೆಂದು ನನಗೆ ಗೊತ್ತು.

ಆಲ್ಬಮ್ ಕೊಟ್ಟು ದುಡ್ಡು ಬಂದ ಮೇಲೆ ಹಾರ್ಡ್ ಡಿಸ್ಕ್ ಖಾಲಿ ಮಾಡುವ ಅಭ್ಯಾಸವೂ ನಿಮಗಿದೆ. ಮದುವೆಯದನ್ನು ಅಳಿಸಿಕೊಳ್ಳಿ, ಅವರ ಮನೆಯಲ್ಲಿ ಪ್ರತಿ ಇರುತ್ತದೆ. ನೆಲದ್ದಕ್ಕೆ ಇನ್ನೊಂದು ಪ್ರತಿ ಎಲ್ಲಿಯೂ ಇಲ್ಲ. ರಾ ಫೈಲನ್ನೇ ಇಡಿ, ಫೋಲ್ಡರಿಗೆ ಊರಿನ ಹೆಸರು ಕನ್ನಡದಲ್ಲೇ ಹಾಕಿ. ಎಲ್ಲಿ ನಿಂತು ತೆಗೆದಿರೋ ಆ ಜಾಗದ ಗುರುತೂ ಇರಲಿ: ಕೆರೆ ಏರಿಯ ತೂಬಿನ ಹತ್ತಿರ, ಇಂಥ ಗುಡಿಯ ಬಲಕ್ಕೆ ಎನ್ನುವಷ್ಟು ಸಾಕು. ಮುಂದಿನ ವರ್ಷ ಅಲ್ಲೇ ನಿಂತು ಇನ್ನೊಂದು ತೆಗೆಯಬೇಕಲ್ಲ. ಅದೂ ಅಲ್ಲದೆ ಹೊಸ ಹೊಸ ವ್ಯೂ ಪಾಯಿಂಟ್ ಹುಡುಕುತ್ತ ಪೆಟ್ರೋಲ್ ಸುಡುವುದಕ್ಕಿಂತ ನಿಮ್ಮ ಊರಿನ ಒಂದೇ ಕೆರೆಯನ್ನು ಹಿಡಿದುಕೊಂಡರೆ ಜಾಸ್ತಿ ಸಿಗುತ್ತದೆ ಎನ್ನುವುದು ನನ್ನ ಅನುಭವ. ಬೈಲುಕುಪ್ಪೆಯ ಹತ್ತಿರದವರಿಗೆ ಕೆರೆ ಬೇಡವೆನಿಸಿದರೆ, 1961ರಿಂದ ಟಿಬೆಟನ್ನರು ಉಳುತ್ತ ಬಂದಿರುವ ಜೋಳದ ಹೊಲಗಳಿವೆ. ಪ್ರವಾಸಿಗಳೆಲ್ಲ ಗೋಲ್ಡನ್ ಟೆಂಪಲ್ಲಿನ ಒಳಗೆ ಸೆಲ್ಫಿ ತೆಗೆಯುವಾಗ ಹೊರಗಿನ ಹೊಲದಲ್ಲಿ ಗಾಳಿಗೆ ಪಟಪಟಿಸುವ ಮಂತ್ರದ ಬಾವುಟಗಳನ್ನು ಕೇಳುವವರಿಲ್ಲ.

ಆಗಸ್ಟ್ 19 ವಿಶ್ವ ಛಾಯಾಗ್ರಹಣ ದಿನ. ಆ ಹೊತ್ತಿಗೆ ಆಷಾಢ ಮುಗಿದು ಶ್ರಾವಣ ಬಂದಿರುತ್ತದೆ. ಪ್ರತಿ ವರ್ಷ ತಾಲ್ಲೂಕು ತಾಲ್ಲೂಕಿನಲ್ಲೂ ಕಾರ್ಯಕ್ರಮ ಮಾಡುತ್ತೀರಿ, ಪೆಂಡಾಲ್ ಹಾಕುತ್ತೀರಿ, ಹಿರಿಯರು ಅಂತ ನನ್ನಂಥವರನ್ನು ಕರೆದು ಶಾಲು ಹೊದಿಸಿ ಮೈಸೂರು ಪೇಟ ಇಡುತ್ತೀರಿ. ಆ ವೇದಿಕೆಯ ಮೇಲೆ ಒಂದು ದಿನವಾದರೂ ಫೋಟೊ ನೇತು ಹಾಕಿದ್ದನ್ನು ನಾನು ನೋಡಿಲ್ಲ! ಈ ವರ್ಷ ಶಾಲು ಬೇಡ. ಒಂದೊಂದು ಸ್ಟುಡಿಯೋದಿಂದ ನಿಮ್ಮ ಊರಿನ ನೆಲದ ಒಂದೊಂದು ಚಿತ್ರ, ಹನ್ನೆರಡು-ಹದಿನೆಂಟು ಇಂಚಿನ ಪ್ರಿಂಟು, ಹಿಂದೆ ಊರು, ತಾರೀಖು, ಗಂಟೆ, ನಿಮ್ಮ ಹೆಸರು. ನಾಲ್ಕೂ ತಾಲ್ಲೂಕಿನವರು ಸೇರಿ ಹುಣಸೂರಿನಲ್ಲಿ ಒಂದೇ ಕಡೆ ಹಾಕೋಣ. ಹಾಲ್ ಸಿಗದಿದ್ದರೆ ಸಂತೆ ದಿನ ಸಂತೆಮಾಳದಲ್ಲೇ ಹಗ್ಗ ಕಟ್ಟೋಣ, ನೋಡುವವರು ಅಲ್ಲೇ ಜಾಸ್ತಿ. ತಮ್ಮ ಬ್ಯಾರನ್ನೋ ಗದ್ದೆಯೋ ಚಿತ್ರದಲ್ಲಿ ಇರುವವರಿಗೆ ಒಂದು ಸಣ್ಣ ಪ್ರತಿ ಕೊಟ್ಟು ಕಳಿಸೋಣ. ಬಹುಮಾನ, ತೀರ್ಪುಗಾರರು ಏನೂ ಬೇಡ. ಬಹುಮಾನ ಇಟ್ಟರೆ ಮತ್ತೆ ಎಲ್ಲರೂ ಹುಲಿಯನ್ನೇ ತರುತ್ತೀರಿ.

ಪ್ರಿಂಟಿನ ಖರ್ಚು ನನ್ನದು. ಮಾರಿದ ಹಳೇ ಲೆನ್ಸುಗಳ ದುಡ್ಡು ಅದಕ್ಕೇ ಅಂತ ಎತ್ತಿಟ್ಟಿದ್ದೇನೆ. ಹಗ್ಗ, ಕ್ಲಿಪ್ಪು, ಕಾಫಿ ನಿಮ್ಮದು. ಆಗಸ್ಟ್ 10ರೊಳಗೆ ಫೈಲು ಕಳಿಸಿ. ಮಿಕ್ಸಿಂಗ್ ಮಾಡಿ ಆಕಾಶ ಬದಲಾಯಿಸಿದ್ದನ್ನು ವಾಪಸ್ ಕಳಿಸುತ್ತೇನೆ, ಬೇಜಾರು ಮಾಡಿಕೊಳ್ಳಬಾರದು.

ಇಂತಿ,
ಹುಣಸೂರಿನ ಒಬ್ಬ ಹಳೇ ಸ್ಟುಡಿಯೋದವನು